ರಸ್ಟ್ ಆಟದಲ್ಲಿ ಗಿಡದ ಜೀನ್ ಜೋಡಿಸುವುದು ಹೇಗೆ? ಆರು ಅಕ್ಷರಗಳ ಲೆಕ್ಕಾಚಾರ

ರಸ್ಟ್ ಆಡುವವರಲ್ಲಿ ಬಹಳ ಜನ ಬೇಸಾಯದ ಕಡೆ ತಲೆಹಾಕುವುದಿಲ್ಲ. ಕಲ್ಲು ಒಡೆಯುವುದು, ಲೋಹ ಕರಗಿಸುವುದು, ಬಂದೂಕು ಮಾಡಿಕೊಂಡು ಪಕ್ಕದವರ ಬೇಸ್ (ಆಟಗಾರರು ಕಟ್ಟಿಕೊಳ್ಳುವ ನೆಲೆ) ಮೇಲೆ ಬೀಳುವುದು, ಇಷ್ಟೇ ಆಟ ಎಂದುಕೊಂಡಿರುತ್ತಾರೆ. ಇಂಗ್ಲೆಂಡಿನ ಫೇಸ್‌ಪಂಚ್ ಸ್ಟುಡಿಯೋಸ್ 2013ರಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮೊದಲೇ ಆಡಲು ಕೊಡುವ) ರೂಪದಲ್ಲಿ ಬಿಟ್ಟು, 2018ರ ಫೆಬ್ರವರಿಯಲ್ಲಿ ಪೂರ್ಣ ಬಿಡುಗಡೆ ಮಾಡಿದ ಈ ಆನ್‌ಲೈನ್ ಆಟದೊಳಗೆ, ಆಮೇಲೆ ಸೇರಿಕೊಂಡ ಒಂದು ಸೊಗಸಾದ ತಳಿ ವ್ಯವಸ್ಥೆ ಇದೆ. ಪ್ರತಿ ಗಿಡಕ್ಕೂ ಆರು ಅಕ್ಷರಗಳ ಒಂದು ಜೀನ್ ಸಾಲು. ಆ ಸಾಲನ್ನು ನಾಲ್ಕಾರು ಗಿಡಗಳಿಂದ ತುಂಡು ತುಂಡಾಗಿ ಹೆಕ್ಕಿ ಜೋಡಿಸಿದರೆ, ಅದೇ ಜಾಗದಲ್ಲಿ, ಅದೇ ನೀರಿನಲ್ಲಿ ಹಲವು ಪಟ್ಟು ಇಳುವರಿ ತೆಗೆಯಬಹುದು. ಬಟ್ಟೆಗೆ ಬೇಕಾದ ಹೆಂಪ್ ಎಂಬ ನಾರಿನ ಗಿಡ, ಟೀ ಮಾಡಲು ಬೇಕಾದ ಬಣ್ಣಬಣ್ಣದ ಬೆರ್ರಿಗಳು, ಹೊಟ್ಟೆಗೆ ಆಲೂಗಡ್ಡೆ, ಜೋಳ, ಕುಂಬಳ ಎಲ್ಲಕ್ಕೂ ಇದೇ ಲೆಕ್ಕ.

ಹೊಸಬರು ಸಾಮಾನ್ಯವಾಗಿ ಮಾಡುವುದು ಒಂದೇ: ಆರಕ್ಕೆ ಆರೂ ಒಳ್ಳೆಯ ಅಕ್ಷರ ಇರುವ ಬೀಜ ಸಿಗುತ್ತದೆಂದು ಸಿಕ್ಕಸಿಕ್ಕ ಬೀಜವನ್ನೆಲ್ಲ ನೆಟ್ಟು ಕಾಯುತ್ತಾರೆ. ಅದೃಷ್ಟದ ಮೇಲೆ ಹೀಗೆ ಭಾರ ಹಾಕುವ ಅಗತ್ಯವೇ ಇಲ್ಲ. ಇಲ್ಲಿ ನೋಡಬೇಕಾದದ್ದು ಗಿಡವನ್ನಲ್ಲ, ಸ್ಥಾನವನ್ನು. ಒಟ್ಟಾರೆ ಕಳಪೆಯಾಗಿ ಕಾಣುವ ಗಿಡದಲ್ಲೂ ಮೂರನೇ ಸ್ಥಾನದಲ್ಲಿ ನಿಮಗೆ ಬೇಕಾದ ಅಕ್ಷರ ಕೂತಿರಬಹುದು. ಈ ಲೇಖನದ ಉದ್ದಕ್ಕೂ ಅದನ್ನೇ ಹಿಡಿದುಕೊಂಡು ಹೋಗುತ್ತೇನೆ.

ಅಕ್ಷರಗಳ ಪರಿಚಯ

ನೆಟ್ಟ ಗಿಡದ ಎದುರು ನಿಂತು ನೋಡಿದರೆ ಪರದೆಯ ಮೇಲೆ ಒಂದು ಫಲಕ ಬರುತ್ತದೆ. ಅದರಲ್ಲಿ ಆರು ಚಿಕ್ಕ ಗುರುತುಗಳು ಸಾಲಾಗಿರುತ್ತವೆ, ಕೆಲವು ಹಸಿರು, ಕೆಲವು ಕೆಂಪು.

ಹಸಿರು ಮೂರು ಬಗೆ. ಜಿ ಇದ್ದರೆ ಗಿಡ ಬೇಗ ಬೆಳೆಯುತ್ತದೆ. ವೈ ಇದ್ದರೆ ಫಸಲು ಹೆಚ್ಚು. ಎಚ್ ಇದ್ದರೆ ಚಳಿ, ಸೆಕೆ ತಡೆದುಕೊಳ್ಳುವ ಶಕ್ತಿ ಹೆಚ್ಚು. ಕೆಂಪು ಎರಡು ಬಗೆ. ಡಬ್ಲ್ಯೂ ಇದ್ದರೆ ಗಿಡ ಜಾಸ್ತಿ ನೀರು ಕುಡಿಯುತ್ತದೆ. ಎಕ್ಸ್ ಎಂದರೆ ಖಾಲಿ: ಕೆಡುಕೂ ಇಲ್ಲ, ಉಪಯೋಗವೂ ಇಲ್ಲ, ಒಂದು ಸ್ಥಾನವನ್ನು ಸುಮ್ಮನೆ ಹಿಡಿದುಕೊಂಡಿರುತ್ತದೆ.

ಗಿಡದ ಗುಣಕ್ಕೆ ಬೇಕಾದದ್ದು ಯಾವ ಅಕ್ಷರ ಎಷ್ಟಿದೆ ಎನ್ನುವುದು ಮಾತ್ರ, ಅವುಗಳ ಕ್ರಮವಲ್ಲ. ಜಿ-ಜಿ-ವೈ-ವೈ-ವೈ-ವೈ ಇರುವ ಗಿಡವೂ ವೈ-ಜಿ-ವೈ-ಜಿ-ವೈ-ವೈ ಇರುವ ಗಿಡವೂ ಫಸಲಿನಲ್ಲಿ ಸಮ. ಆದರೆ ತಳಿ ಬೆರೆಸುವಾಗ ಕ್ರಮವೇ ಎಲ್ಲ, ಏಕೆಂದರೆ ಒಂದು ಗಿಡದ ಮೂರನೇ ಸ್ಥಾನ ಇನ್ನೊಂದರ ಮೂರನೇ ಸ್ಥಾನದ ಜೊತೆ ಮಾತ್ರ ಪೈಪೋಟಿ ಮಾಡುತ್ತದೆ.

ಮೊದಲು ಗುರಿ ನಿಗದಿ ಮಾಡಿಕೊಳ್ಳಿ

ದಿನಕ್ಕೆ ಹಲವು ಸಲ ಸರ್ವರ್‌ಗೆ ಬರುವವರು ಮೂರು ಜಿ, ಮೂರು ವೈ ಇಟ್ಟುಕೊಳ್ಳಬಹುದು. ಕೆಲಸ ಮುಗಿಸಿ ರಾತ್ರಿ ಒಮ್ಮೆ ಮಾತ್ರ ಲಾಗಿನ್ ಆಗುವವರಿಗೆ ಎರಡು ಜಿ, ನಾಲ್ಕು ವೈ ವಾಸಿ. ಹಣ್ಣಾದ ಗಿಡ ನಿಮಗಾಗಿ ಕಾಯುತ್ತ ಕೂರುವುದಿಲ್ಲ. ಮಾಗಿ ಸ್ವಲ್ಪ ಹೊತ್ತಾದ ಮೇಲೆ ಒಣಗಿ ಸಾಯುತ್ತದೆ. ನೀವು ಬರುವ ಹೊತ್ತಿಗೆ ಸತ್ತಿರುವ ಗಿಡ ಎಷ್ಟು ಬೇಗ ಬೆಳೆದರೇನು? ಬೇಸ್ ಹಿಮದ ಪ್ರದೇಶದಲ್ಲೋ ಮರುಭೂಮಿಯಲ್ಲೋ ಇದ್ದರೆ ಒಂದು ಎಚ್ ಸೇರಿಸಿಕೊಳ್ಳಿ. ಸಮಶೀತೋಷ್ಣ ಬಯಲಿನಲ್ಲಿದ್ದರೆ ಎಚ್‌ಗೆ ಸ್ಥಾನ ಕೊಡುವುದು ನಷ್ಟ ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆ, ನೀರು, ಗೊಬ್ಬರ

ಇಲ್ಲಿ ಹೆಚ್ಚು ಹೇಳುವುದೇನಿಲ್ಲ. ದೊಡ್ಡ ಪ್ಲಾಂಟರ್ ಬಾಕ್ಸ್‌ನಲ್ಲಿ 9 ಗಿಡ ಹಿಡಿಯುತ್ತವೆ, ಚಿಕ್ಕದರಲ್ಲಿ 3. ತಳಿ ಬೆರೆಸಲು ದೊಡ್ಡದೇ ಬೇಕು, ಯಾಕೆಂದರೆ ಮಧ್ಯದ ಗಿಡಕ್ಕೆ ಸುತ್ತ ಎಂಟು ನೆರೆಯವರು ಸಿಗುವುದು ಅದರಲ್ಲಿ ಮಾತ್ರ. ಗಿಡದ ಫಲಕದಲ್ಲಿ ಬೆಳಕು, ನೀರು, ನೆಲ, ತಾಪಮಾನ ಎಂದು ನಾಲ್ಕು ಅಳತೆ ತೋರಿಸುತ್ತದೆ. ಒಂದು ಕೆಳಗಿಳಿದರೂ ಗಿಡ ಸೊರಗುತ್ತದೆ. ನೀರು ಹೊಳೆಯದೋ ಮಳೆಯದೋ ಆಗಿರಲಿ, ಸಮುದ್ರದ ಉಪ್ಪುನೀರು ಬೇಡವೇ ಬೇಡ. ಗೊಬ್ಬರಕ್ಕೆ ಕಾಂಪೋಸ್ಟರ್ ಇಟ್ಟು ಕುದುರೆ ಲದ್ದಿ ಹಾಕಿದರೆ ಆಯಿತು. ಚಾವಣಿಯ ಕೆಳಗೆ ಬೆಳೆಯುವುದಾದರೆ ಸೀಲಿಂಗ್ ಲೈಟ್ ಹಾಕಿಕೊಳ್ಳಿ. ಬಯಲಿನಲ್ಲಿ ಬೆಳೆದರೆ ವಿದ್ಯುತ್ತಿನ ಗೋಜಿಲ್ಲ, ಕಳ್ಳರ ಕಾಟ ಮಾತ್ರ ಇದೆ.

ಮೊದಲ ಸುತ್ತು: ಬೀಜ ನೆಟ್ಟು ಅಕ್ಷರ ಓದುವುದು

ಕಾಡಿನಲ್ಲಿ ಹೆಂಪ್ ಕೀಳುತ್ತ ಹೋದರೆ ಬೀಜ ಸಿಗುತ್ತದೆ. ಬೀಜ ಕೈಯಲ್ಲಿರುವಾಗ ಅದರ ಜೀನ್ ಏನೆಂದು ತಿಳಿಯುವುದಿಲ್ಲ. ನೆಟ್ಟ ಮೇಲೆಯೇ ಆರು ಅಕ್ಷರ ಗೊತ್ತಾಗುವುದು, ಅದೂ ಯದೃಚ್ಛಿಕವಾಗಿ. ಹಾಗಾಗಿ ಎರಡು ಮೂರು ದೊಡ್ಡ ಪೆಟ್ಟಿಗೆ ತುಂಬುವಷ್ಟು ಬೀಜ ಒಟ್ಟು ಮಾಡಿಕೊಂಡು ಒಂದೇ ಬಾರಿಗೆ ನೆಡಿ.

ನೆಟ್ಟ ಕೂಡಲೇ ಒಂದೊಂದೇ ಗಿಡದ ಎದುರು ನಿಂತು ಅಕ್ಷರಗಳನ್ನು ಬರೆದುಕೊಳ್ಳಿ. ಕಾಗದದಲ್ಲಿ ಆರು ಕಂಬಸಾಲು ಎಳೆದು, ಒಂದು ಗಿಡಕ್ಕೆ ಒಂದು ಅಡ್ಡಸಾಲು ಕೊಡಿ. ಮೊಬೈಲಿನ ಸ್ಪ್ರೆಡ್‌ಶೀಟ್ ಆದರೂ ಆದೀತು. ಇದನ್ನೆಲ್ಲ ತಾನೇ ಲೆಕ್ಕ ಹಾಕಿಕೊಡುವ ಕ್ಯಾಲ್ಕ್ಯುಲೇಟರ್‌ಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಬಳಸಿದರೆ ತಪ್ಪಿಲ್ಲ. ಆದರೆ ಒಮ್ಮೆಯಾದರೂ ಕೈಯಲ್ಲಿ ಮಾಡಿ ನೋಡಿ. ಆಮೇಲೆ ಪೆಟ್ಟಿಗೆಯ ಎದುರು ನಿಂತಾಗಲೇ ಯಾವುದನ್ನು ಉಳಿಸಬೇಕು, ಯಾವುದನ್ನು ಕಿತ್ತೆಸೆಯಬೇಕು ಎಂದು ಕಣ್ಣಿಗೆ ಹೊಳೆಯುತ್ತದೆ.

ಗಿಡ ಬೆಳೆಯುವ ಹಂತಗಳು ಕ್ರಮವಾಗಿ ಹೀಗಿವೆ: ಬೀಜ, ಮೊಳಕೆ, ಎಳೆಯ ಗಿಡ, ತಳಿ ಬೆರಕೆ, ಬಲಿತ ಗಿಡ, ಕಾಯಿ ಕಟ್ಟುವುದು, ಹಣ್ಣಾಗುವುದು, ಕೊನೆಗೆ ಸಾಯುವುದು. ಎಳೆಯ ಗಿಡದ ಹಂತ ಬಂದಾಗ ಇ ಕೀ ಒತ್ತಿ ಹಿಡಿದರೆ ಕ್ಲೋನ್ ತೆಗೆಯುವ ಆಯ್ಕೆ ಬರುತ್ತದೆ. ಬೇಕೆನಿಸಿದ ಗಿಡಗಳ ಕ್ಲೋನ್ ಈ ಹಂತದಲ್ಲೇ ತೆಗೆಯಿರಿ, ಮುಂದಿನ ಹಂತಕ್ಕೆ ಬಿಡಬೇಡಿ. ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಜೀನ್‌ಗಳ ಒಂಬತ್ತು ಗಿಡ ಒತ್ತೊತ್ತಾಗಿ ನಿಂತಿವೆ. ಬೆರಕೆಯ ಹಂತ ಬಂದರೆ ಅವು ಒಂದನ್ನೊಂದು ಬದಲಿಸಿಬಿಡುತ್ತವೆ, ಕೆಂಪು ಅಕ್ಷರಗಳೇ ಹರಡುವ ಸಂಭವ ಹೆಚ್ಚು. ಬರೆದಿಟ್ಟುಕೊಂಡ ಪಟ್ಟಿ ಅಲ್ಲಿಗೆ ದಂಡ.

ಕ್ಲೋನ್ ತೆಗೆದರೆ ಮೂಲ ಗಿಡ ಹೋಗುತ್ತದೆ, ಅದರ ಬದಲು ಅದೇ ಆರು ಅಕ್ಷರ ಹೊತ್ತ ಸಸಿಗಳು ಇನ್ವೆಂಟರಿಗೆ (ನಿಮ್ಮ ಸಾಮಾನಿನ ಚೀಲಕ್ಕೆ) ಬರುತ್ತವೆ. ನಮ್ಮ ಮಂಡ್ಯದ ಕಡೆ ಕಬ್ಬಿನ ಜಲ್ಲೆಯನ್ನು ತುಂಡು ಮಾಡಿ ನೆಟ್ಟರೆ ಪ್ರತಿ ತುಂಡೂ ಅದೇ ತಳಿಯ ಕಬ್ಬಾಗುತ್ತದಲ್ಲ, ಹಾಗೆ. ವೈ ಹೆಚ್ಚಿರುವ ಗಿಡದಿಂದ ಕ್ಲೋನ್ ಕೂಡ ಹೆಚ್ಚು ಸಿಗುತ್ತವೆ, ಅದಕ್ಕೇ ಮೊದಲ ಸುತ್ತಿನಿಂದಲೇ ವೈ ಮೇಲೆ ಕಣ್ಣಿಡುವುದು ಲಾಭ. ಜೀನ್ ಬೇರೆಯಾದ ಕ್ಲೋನ್‌ಗಳು ಇನ್ವೆಂಟರಿಯಲ್ಲಿ ಒಂದರ ಮೇಲೊಂದು ಕೂರುವುದಿಲ್ಲ, ಬೇರೆ ಬೇರೆ ಚೌಕ ಹಿಡಿಯುತ್ತವೆ. ಗುರುತಿಸಲು ಇದು ಅನುಕೂಲ.

ಬೆರಕೆಯ ನಿಯಮ

ಈಗ ಮುಖ್ಯ ವಿಷಯಕ್ಕೆ ಬಂದೆವು, ನಿಧಾನವಾಗಿ ಓದಿ.

ಒಂದು ಗಿಡ ಬೆರಕೆಯ ಹಂತಕ್ಕೆ ಬಂದಾಗ ಆಟ ಅದರ ಅಕ್ಕಪಕ್ಕ, ಮೂಲೆ ಸೇರಿಸಿ ಸುತ್ತಲಿನ ಅದೇ ಜಾತಿಯ ಗಿಡಗಳನ್ನು ನೋಡುತ್ತದೆ. ಹೆಂಪ್ ಪಕ್ಕದ ಜೋಳ ಲೆಕ್ಕಕ್ಕಿಲ್ಲ. ಕೆಂಪು ಬೆರ್ರಿಯೂ ನೀಲಿ ಬೆರ್ರಿಯೂ ಬೇರೆ ಬೇರೆ ಜಾತಿಯೇ. ಆಮೇಲೆ ಒಂದನೇ ಸ್ಥಾನದಿಂದ ಆರನೆಯದರ ತನಕ ಪ್ರತಿ ಸ್ಥಾನಕ್ಕೂ ಪ್ರತ್ಯೇಕವಾಗಿ ತೂಕ ಹಾಕುತ್ತದೆ. ನೆರೆಯ ಒಂದು ಹಸಿರು ಅಕ್ಷರಕ್ಕೆ 0.6, ಒಂದು ಕೆಂಪು ಅಕ್ಷರಕ್ಕೆ 1.0. ಒಂದೇ ಅಕ್ಷರದ ತೂಕಗಳು ಕೂಡುತ್ತ ಹೋಗುತ್ತವೆ. ಜಿ ಮತ್ತು ವೈ ಎರಡೂ ಹಸಿರೇ ಆದರೂ ಅವುಗಳ ತೂಕ ಕೂಡುವುದಿಲ್ಲ, ಡಬ್ಲ್ಯೂ ಮತ್ತು ಎಕ್ಸ್ ಕೂಡ ಬೇರೆ ಬೇರೆಯೇ.

ಹೀಗೆ ಬಂದ ಅತಿ ಹೆಚ್ಚಿನ ತೂಕ, ಆ ಗಿಡದ ಸ್ವಂತ ಅಕ್ಷರದ ತೂಕಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅಕ್ಷರ ಬದಲಾಗುತ್ತದೆ. ಸಮ ಆದರೆ ಹಳೆಯದೇ ಉಳಿಯುತ್ತದೆ. ನೆರೆಯ ಎರಡು ಬೇರೆ ಅಕ್ಷರಗಳು ಸಮ ತೂಕದಲ್ಲಿ ಮೇಲಕ್ಕೆ ಬಂದರೆ ಯಾವುದು ಗೆಲ್ಲುತ್ತದೆ ಎನ್ನುವುದು ಅದೃಷ್ಟ. ಆ ಎರಡು ಜಿ ಮತ್ತು ವೈ ಆಗಿದ್ದರೆ ಚಿಂತೆಯಿಲ್ಲ, ಯಾವುದು ಬಂದರೂ ನಮಗೆ ಬೇಕಾದದ್ದೇ.

ಇದರಿಂದ ಹೊರಡುವ ಲೆಕ್ಕ ನೋಡಿ. ಒಂದು ಕೆಂಪನ್ನು ಸೋಲಿಸಲು ಒಂದೇ ಬಗೆಯ ಎರಡು ಹಸಿರು ಸಾಕು: 1.2 ಎದುರು 1.0. ಒಂದೇ ಬಗೆಯ ಎರಡು ಕೆಂಪಿದ್ದರೆ ಅದರ ತೂಕ 2.0. ಮೂರು ಹಸಿರಿನ 1.8 ಅದಕ್ಕೆ ಸಾಲದು, ನಾಲ್ಕು ಬೇಕು. ಮೂರು ಕೆಂಪಿಗೆ ಆರು ಹಸಿರು ಬೇಕು, ಆದರೆ ಸುತ್ತ ಇರುವುದೇ ಎಂಟು ಜಾಗ. ಅಂದರೆ ಒಂದೇ ಸ್ಥಾನದಲ್ಲಿ ಒಂದೇ ಬಗೆಯ ಮೂರು ಕೆಂಪು ಕೂತರೆ ಆ ಪೆಟ್ಟಿಗೆಯಲ್ಲಿ ಖಚಿತ ಗೆಲುವಿಲ್ಲ.

ಒಂದು ಉದಾಹರಣೆ

ಮೊದಲ ಸುತ್ತಿನಲ್ಲಿ ಈ ಮೂರು ಹೆಂಪ್ ಸಿಕ್ಕಿವೆ ಎಂದಿಟ್ಟುಕೊಳ್ಳಿ.

ಮೊದಲ ಗಿಡ: ವೈ-ಜಿ-ಎಕ್ಸ್-ಜಿ-ವೈ-ಡಬ್ಲ್ಯೂ
ಎರಡನೇ ಗಿಡ: ವೈ-ಡಬ್ಲ್ಯೂ-ವೈ-ಜಿ-ಎಚ್-ವೈ
ಮೂರನೇ ಗಿಡ: ಎಕ್ಸ್-ಜಿ-ವೈ-ಜಿ-ವೈ-ವೈ

ಮೂರರಲ್ಲಿ ಯಾವುದೂ ಪರಿಪೂರ್ಣವಲ್ಲ. ಮೊದಲನೆಯದರಲ್ಲಂತೂ ಎರಡು ಕೆಂಪಿವೆ, ಅನೇಕರು ಅದನ್ನು ಕಿತ್ತೇ ಹಾಕುತ್ತಾರೆ. ಈಗ ಮೇಲಿನಿಂದ ಕೆಳಕ್ಕೆ ಓದಿ. ಒಂದನೇ ಸ್ಥಾನದಲ್ಲಿ ವೈ, ವೈ, ಎಕ್ಸ್: ವೈಗೆ 1.2, ಎಕ್ಸ್‌ಗೆ 1.0, ವೈ ಗೆದ್ದಿತು. ಎರಡನೆಯದರಲ್ಲಿ ಜಿ, ಡಬ್ಲ್ಯೂ, ಜಿ: ಜಿ ಗೆದ್ದಿತು. ಮೂರನೆಯದರಲ್ಲಿ ಎಕ್ಸ್, ವೈ, ವೈ: ವೈ. ನಾಲ್ಕನೆಯದರಲ್ಲಿ ಮೂರೂ ಜಿ, 1.8. ಐದನೆಯದರಲ್ಲಿ ವೈ, ಎಚ್, ವೈ: ವೈ. ಆರನೆಯದರಲ್ಲಿ ಡಬ್ಲ್ಯೂ, ವೈ, ವೈ: ವೈ.

ಹಾಗಾದರೆ ಮಧ್ಯದ ಗಿಡಕ್ಕೆ ಬರುವುದು ವೈ-ಜಿ-ವೈ-ಜಿ-ವೈ-ವೈ. ಎರಡು ಜಿ, ನಾಲ್ಕು ವೈ, ಕೆಂಪು ಒಂದೂ ಇಲ್ಲ. ಮಧ್ಯದಲ್ಲಿ ಎಂಥ ಗಿಡ ನೆಟ್ಟಿದ್ದರೂ ಉತ್ತರ ಇದೇ, ಏಕೆಂದರೆ ಪ್ರತಿ ಸ್ಥಾನದಲ್ಲೂ ನೆರೆಯ ತೂಕ 1.2 ಅಥವಾ ಹೆಚ್ಚು, ಮಧ್ಯದ ಗಿಡದ ಯಾವ ಅಕ್ಷರವೂ 1.0 ದಾಟುವುದಿಲ್ಲ. ಮೂರು ಸಾಧಾರಣ ಗಿಡಗಳಿಂದ ಒಂದೇ ಬೆರಕೆಯಲ್ಲಿ ಗುರಿ ಮುಟ್ಟಿದೆವು.

ಈ ಮೂರು ಹೊಂದಿಕೊಂಡದ್ದಕ್ಕೆ ಕಾರಣ ಇಷ್ಟೇ. ಅವುಗಳ ಕೆಂಪು ಅಕ್ಷರಗಳು ಬೇರೆ ಬೇರೆ ಸ್ಥಾನಗಳಲ್ಲಿವೆ, ಮತ್ತು ಪ್ರತಿ ಸ್ಥಾನದಲ್ಲೂ ಕನಿಷ್ಠ ಎರಡು ಗಿಡ ಒಂದೇ ಹಸಿರು ಅಕ್ಷರ ಹೇಳುತ್ತಿವೆ. ಪಟ್ಟಿಯಲ್ಲಿ ನೀವು ಹುಡುಕಬೇಕಾದದ್ದು ಇಂಥ ಮೂರು ಸಾಲುಗಳನ್ನು. ಸಿಗದಿದ್ದರೆ ನಾಲ್ಕನೆಯದನ್ನು ಸೇರಿಸಿ ನೋಡಿ.

ಅಕ್ಕಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಓದಿದವರೂ ಒಂದರ್ಥದಲ್ಲಿ ಹೀಗೇ ಕಂಬಸಾಲು ನೋಡಿದವರು. 2005ರಲ್ಲಿ ಪ್ರಕಟವಾದ ಆ ಅಂತರರಾಷ್ಟ್ರೀಯ ಯೋಜನೆಯಲ್ಲಿ 11ನೇ ಕ್ರೋಮೋಸೋಮಿನ ಒಂದು ಭಾಗ ಭಾರತದ ಪಾಲಿಗೆ ಬಂದಿತ್ತು. ಡಿಎನ್‌ಎಯನ್ನು ಚಿಕ್ಕ ತುಂಡುಗಳಲ್ಲಿ ಮತ್ತೆ ಮತ್ತೆ ಓದಿ, ಒಂದರ ಕೆಳಗೊಂದು ಹೊಂದಿಸಿ, ಪ್ರತಿ ಸ್ಥಾನದಲ್ಲೂ ಹೆಚ್ಚಿನ ತುಂಡುಗಳು ಒಪ್ಪಿದ ಅಕ್ಷರವನ್ನು ಸ್ವೀಕರಿಸುತ್ತಾರೆ. ನಿಜವಾದ ಹೊಲದಲ್ಲಿ ತಳಿ ಬೆರೆಸುವುದು ಮಾತ್ರ ಹೀಗಲ್ಲ. ಅಲ್ಲಿ ಮರಿಗೆ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ, ನೆರೆಹೊರೆಯವರ ಬಹುಮತಕ್ಕೆ ಜಾಗವಿಲ್ಲ. ರಸ್ಟ್ ಹೆಸರಿಗೆ ತಳಿ ಬೆರೆಸುವ ಆಟ, ಲೆಕ್ಕದಲ್ಲಿ ಜೀನೋಮ್ ಜೋಡಿಸುವ ಆಟ. ಕಲಿಯುವ ಮಕ್ಕಳಿಗೆ ಈ ವ್ಯತ್ಯಾಸ ಹೇಳಿಕೊಡುವುದು ಒಳ್ಳೆಯದು.

ನೆಡುವ ಜಾಗ, ನೆಡುವ ಹೊತ್ತು

ಆರಿಸಿದ ಮೂರು ಅಥವಾ ನಾಲ್ಕು ಕ್ಲೋನ್‌ಗಳನ್ನು ದೊಡ್ಡ ಪೆಟ್ಟಿಗೆಯ ಮೂಲೆಗಳಲ್ಲಿ ನೆಡಿ. ಬದಲಾಗಬೇಕಾದ ಗಿಡ ನಡುಮಧ್ಯದಲ್ಲಿರಲಿ. ಉಳಿದ ಜಾಗ ಖಾಲಿ ಬಿಡಿ, ಆಸೆಗೆ ಬಿದ್ದು ಬೇರೆ ಬೀಜ ತುಂಬಬೇಡಿ.

ಮೂಲೆಯೇ ಏಕೆಂದರೆ, ಸುತ್ತಲಿನ ಗಿಡಗಳಿಗೂ ಬೆರಕೆಯ ಹಂತ ಬರುತ್ತದೆ. ಅವು ಪರಸ್ಪರ ಅಂಟಿಕೊಂಡಿದ್ದರೆ, ಮಧ್ಯದ ಗಿಡದ ಸರದಿ ಬರುವ ಮೊದಲೇ ತಮ್ಮತಮ್ಮಲ್ಲೇ ಬದಲಾಗಿ ನಿಮ್ಮ ಲೆಕ್ಕ ತಲೆಕೆಳಗಾಗುತ್ತದೆ. ಮೂಲೆಯಲ್ಲಿದ್ದರೆ ಅವುಗಳಿಗೆ ಮಧ್ಯದ ಗಿಡ ಒಂದೇ ನೆರೆ. ಒಂದು ಹಸಿರು ನೆರೆಯ 0.6 ತೂಕ ಯಾರನ್ನೂ ಬದಲಿಸಲಾರದು. ಒಂದು ಕೆಂಪು ನೆರೆಯ 1.0 ಮಾತ್ರ ಹಸಿರನ್ನು ಕೆಡಿಸಬಲ್ಲದು. ಹಾಗಾಗಿ ಮಧ್ಯಕ್ಕೂ ಸಾಧ್ಯವಾದಷ್ಟು ಕೆಂಪು ಕಡಿಮೆ ಇರುವ ಗಿಡವನ್ನೇ ಹಾಕಿ. ಉತ್ತರ ಬದಲಾಗದಿದ್ದರೂ ಸುತ್ತಲಿನವು ಸುರಕ್ಷಿತ. ಮಧ್ಯದ್ದನ್ನು ಮೊದಲು ನೆಟ್ಟು, ಸ್ವಲ್ಪ ಹೊತ್ತು ಬಿಟ್ಟು ಮೂಲೆಯವನ್ನು ನೆಡಿ. ಮಧ್ಯದ ಗಿಡಕ್ಕೆ ಒಂದೆರಡು ಜಿ ಇದ್ದರೆ ಅದೇ ಮೊದಲು ಬೆರಕೆಗೆ ಬರುತ್ತದೆ.

ಬೆರಕೆ ಮುಗಿದ ತಕ್ಷಣ ಮಧ್ಯದ ಗಿಡದ ಫಲಕ ನೋಡಿ, ನಿಮ್ಮ ಪಟ್ಟಿಯ ಜೊತೆ ತಾಳೆ ಹಾಕಿ, ಕ್ಲೋನ್ ತೆಗೆಯಿರಿ.

ಹಠ ಹಿಡಿಯುವ ಸ್ಥಾನ

ಐದು ಸ್ಥಾನ ಸರಿಹೋಗಿ ಒಂದು ಮಾತ್ರ ಕೆಂಪಾಗಿಯೇ ಉಳಿಯುವುದು ಎಲ್ಲರಿಗೂ ಆಗುವ ಅನುಭವ. ನಿಮ್ಮ ಬಳಿ ಜಿ-ವೈ-ವೈ-ಎಕ್ಸ್-ಜಿ-ವೈ ಇದೆ, ನಾಲ್ಕನೇ ಸ್ಥಾನಕ್ಕೆ ವೈ ಬೇಕು. ಹುಡುಕಿದಾಗ ಡಬ್ಲ್ಯೂ-ಎಚ್-ಎಕ್ಸ್-ವೈ-ಜಿ-ಡಬ್ಲ್ಯೂ ಎಂಬ ಗಿಡ ಸಿಕ್ಕಿತು, ನಾಲ್ಕರಲ್ಲಿ ವೈ ಇದೆ. ಇದರದೇ ಎರಡು ಕ್ಲೋನ್ ಪಕ್ಕಕ್ಕೆ ನೆಟ್ಟರೆ ನಾಲ್ಕನೇ ಸ್ಥಾನ ಸರಿಯಾಗುತ್ತದೆ ನಿಜ, 1.2 ಎದುರು 1.0. ಆದರೆ ಒಂದನೇ ಸ್ಥಾನದಲ್ಲಿ ಡಬ್ಲ್ಯೂಗೆ 2.0 ಬಂದು ನಿಮ್ಮ ಜಿ ಹೋಯಿತು, ಮೂರು ಮತ್ತು ಆರನೆಯದೂ ಹೋದವು. ಅದನ್ನು ತಡೆಯಲು ನಿಮ್ಮ ಒಳ್ಳೆಯ ತಳಿಯ ನಾಲ್ಕು ಕ್ಲೋನ್ ಸುತ್ತ ಹಾಕಿದಿರೋ, ನಾಲ್ಕನೇ ಸ್ಥಾನದಲ್ಲಿ ಎಕ್ಸ್‌ಗೆ 4.0 ತೂಕ ಬಂದು ಮತ್ತೆ ಎಕ್ಸ್ ಗೆಲ್ಲುತ್ತದೆ. ಕ್ಲೋನ್ ದುಪ್ಪಟ್ಟು ಮಾಡಿದರೆ ಅದರ ಕೆಂಪೂ ದುಪ್ಪಟ್ಟಾಗುತ್ತದೆ.

ಮಾಡಬೇಕಾದದ್ದು ಬೇರೆ. ನಾಲ್ಕರಲ್ಲಿ ವೈ ಇರುವ ಎರಡು ಬೇರೆ ಬೇರೆ ಗಿಡ ಹುಡುಕಿ, ಅವುಗಳ ಕೆಂಪು ಒಂದೇ ಸ್ಥಾನದಲ್ಲಿ ಇರಬಾರದು. ಉದಾಹರಣೆಗೆ ಡಬ್ಲ್ಯೂ-ಎಚ್-ವೈ-ವೈ-ಜಿ-ವೈ ಒಂದು, ಜಿ-ವೈ-ಎಚ್-ವೈ-ಎಕ್ಸ್-ವೈ ಇನ್ನೊಂದು. ಇವೆರಡರ ಜೊತೆ ನಿಮ್ಮ ಹಳೆಯ ತಳಿಯ ಒಂದು ಕ್ಲೋನ್ ಮೂಲೆಗಳಲ್ಲಿ, ಮಧ್ಯದಲ್ಲಿ ಇನ್ನೊಂದು ಗಿಡ. ಸ್ಥಾನ ಸ್ಥಾನವಾಗಿ ಕೂಡಿ ನೋಡಿ, ಜಿ-ವೈ-ವೈ-ವೈ-ಜಿ-ವೈ ಬರುತ್ತದೆ. ಇನ್ನೊಂದು ಎಚ್ಚರಿಕೆ: ಮಧ್ಯದ ಗಿಡದ ಸ್ವಂತ ಅಕ್ಷರ ನೆರೆಯ ತೂಕದ ಜೊತೆ ಕೂಡುವುದಿಲ್ಲ. ಮಧ್ಯದಲ್ಲಿ ಜಿ ಇದೆ, ನೆರೆಯಲ್ಲಿ ಒಂದು ಜಿ ಇದೆ, ಎರಡು ಸೇರಿ 1.2 ಆಯಿತು ಎಂದು ಲೆಕ್ಕ ಹಾಕಿದರೆ ಒಂದೇ ಒಂದು ಕೆಂಪು ನೆರೆ ಅದನ್ನು ಕೆಡವುತ್ತದೆ.

ಬೀಜದ ಹೊಸ ಸುತ್ತು ಹಾಕುವುದಾದರೂ ಈಗ ಕೆಲಸ ಹಗುರ. ಆರೂ ಅಕ್ಷರ ನೋಡಬೇಕಿಲ್ಲ, ನಾಲ್ಕನೆಯದನ್ನು ಮಾತ್ರ ನೋಡುತ್ತ ಹೋಗಿ, ಅಲ್ಲಿ ವೈ ಕಂಡರೆ ಮಾತ್ರ ಉಳಿದ ಐದರ ಕಡೆ ಕಣ್ಣು ಹಾಯಿಸಿ.

ತಳಿ ಹೆಚ್ಚಿಸಿ ಕಾಪಾಡುವುದು

ಬೇಕಾದ ಸಾಲು ಸಿಕ್ಕ ಮೇಲೆ ಫಸಲಿಗೆ ಅವಸರ ಮಾಡಬೇಡಿ. ಸಿಕ್ಕಿದ ನಾಲ್ಕಾರು ಕ್ಲೋನ್‌ಗಳನ್ನು ಖಾಲಿ ಪೆಟ್ಟಿಗೆಯಲ್ಲಿ ನೆಟ್ಟು, ಮತ್ತೆ ಎಳೆಯ ಹಂತದಲ್ಲೇ ಕ್ಲೋನ್ ತೆಗೆಯಿರಿ. ಒಂದೆರಡು ಸುತ್ತಿನಲ್ಲಿ ಎಲ್ಲ ಪೆಟ್ಟಿಗೆಗೂ ಆಗುವಷ್ಟು ಸಸಿ ಕೈಗೆ ಬರುತ್ತದೆ. ಪೆಟ್ಟಿಗೆ ತುಂಬ ಒಂದೇ ಜೀನ್ ಇದ್ದರೆ ಬೆರಕೆಯ ಹಂತದಲ್ಲಿ ಏನೂ ಬದಲಾಗುವುದಿಲ್ಲ, ನಿಶ್ಚಿಂತೆಯಿಂದ ಹಣ್ಣಾಗುವವರೆಗೆ ಬಿಡಬಹುದು. ಕೊಯ್ಲಿನಲ್ಲಿ ಬಂದ ಬೀಜವನ್ನು ಅದೇ ಪೆಟ್ಟಿಗೆಗೆ ಹಾಕಿಬಿಡಬೇಡಿ. ತಳಿ ಉಳಿಯುವುದು ಕ್ಲೋನ್‌ನಿಂದ, ಬೀಜದಿಂದಲ್ಲ.

ಪ್ರತಿ ಕೊಯ್ಲಿಗೂ ಮುಂಚೆ ಒಂದೆರಡು ಗಿಡದಿಂದ ಕ್ಲೋನ್ ತೆಗೆದು ಬೇಸ್‌ನ ಒಳಕೋಣೆಯ ಪೆಟ್ಟಿಗೆಯಲ್ಲಿಡಿ, ಇನ್ನೊಂದಿಷ್ಟನ್ನು ನಂಬಿಕೆಯ ಗೆಳೆಯರ ಬೇಸ್‌ನಲ್ಲಿ ಇಡಿ. ರೇಡ್ ಆದರೆ, ಅಂದರೆ ಬೇರೆಯವರು ಬೇಸ್ ಲೂಟಿ ಮಾಡಿದರೆ, ಬಂದೂಕು ಮತ್ತೆ ಮಾಡಿಕೊಳ್ಳಬಹುದು, ಜೀನ್ ಸಾಲನ್ನು ಮೊದಲಿನಿಂದ ಜೋಡಿಸಲು ಇಡೀ ಸಂಜೆ ಹೋಗುತ್ತದೆ. ಪ್ರತಿ ತಿಂಗಳ ಮೊದಲ ಗುರುವಾರ ಎಲ್ಲ ಸರ್ವರ್‌ಗಳಿಗೂ ಕಡ್ಡಾಯ ವೈಪ್ ಇರುತ್ತದೆ, ಅದರಲ್ಲಿ ಬೇಸ್ ಜೊತೆ ಗಿಡಗಳೂ ಅಳಿಸಿಹೋಗುತ್ತವೆ. ಆದ್ದರಿಂದ ತಳಿ ಜೋಡಿಸುವ ಕೆಲಸವನ್ನು ವೈಪ್ ಆದ ಮೊದಲ ಎರಡು ಮೂರು ದಿನಗಳಲ್ಲೇ ಮುಗಿಸಿ. ತಿಂಗಳ ಕೊನೆಯ ವಾರ ಸರ್ವರ್‌ಗೆ ಸೇರಿದ್ದರೆ ನಾಲ್ಕು ಹಸಿರು ಇರುವ ಗಿಡಕ್ಕೇ ತೃಪ್ತಿಪಟ್ಟು ಕೊಯ್ಲು ಶುರು ಮಾಡುವುದು ಜಾಣತನ.